ಬ್ಯಾಟರಿ ಗಾಡಿಗೆ ಟ್ರಾಲಿ ಯೋಗ

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಐನಾಪುರದ ರಸ್ತೆಗಳಲ್ಲಿ ಟ್ರ್ಯಾಕ್ಟರಿನದೇ ದರ್ಬಾರು. ಎರಡೆರಡು ಟ್ರಾಲಿ, ಮುಗಿಲಿಗೇರಿದ ಕಬ್ಬು, ಎದೆ ಗುದ್ದುವ ಸ್ಪೀಕರ್. ಈ ಮೆರವಣಿಗೆಗೆ ಈಗ ಹೊಸ ಉತ್ಸವಮೂರ್ತಿ ಬಂದಿದೆ: ಹಿಂದಿನ ಟ್ರಾಲಿಯ ಬಾಲಕ್ಕೆ ಹಗ್ಗದಲ್ಲಿ ಬಿಗಿದ ಬ್ಯಾಟರಿ ಸ್ಕೂಟರ್. ಹ್ಯಾಂಡಲ್ಲಿಗೆ ಬಾಡಿದ ಚೆಂಡುಹೂವಿನ ಹಾರ, ಸೀಟಿನ ಪ್ಲಾಸ್ಟಿಕ್ ಇನ್ನೂ ಹರಿದಿಲ್ಲ, ಗಾಲಿ ನೆಲ ಬಿಟ್ಟು ಗೇಣು ಮೇಲೆ.

"ಯಾಕ್ರೀ ಕಾಕಾ, ಚಾರ್ಜ್ ಖಾಲಿ ಆತೇನ್ರಿ?"

"ಇಲ್ಲೋ ತಮ್ಮಾ, ಉಳಸಾಕತ್ತೇನಿ. ಊರಾಗ ನಾಕ್ ಮಂದಿ ಮುಂದ ಹೊಡೀಬೇಕಲ್ಲ!"

ಕಾಕಾನ ಲೆಕ್ಕ ತಪ್ಪಲ್ಲ. ಪಂಪ್‌ಸೆಟ್ಟಿಗೆ ಸರ್ಕಾರ ಹೇಳುವ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ತಾಸು. ಅಷ್ಟರಲ್ಲಿ ಕಬ್ಬಿಗೆ ನೀರುಣಿಸಬೇಕೋ, ಸ್ಕೂಟರಿಗೆ ಕರೆಂಟು ಕುಡಿಸಬೇಕೋ? ಕಬ್ಬು ಒಣಗಿದರೆ ಬಿಲ್ಲಿಲ್ಲ, ಬಿಲ್ಲಿಲ್ಲದಿದ್ದರೆ ಸ್ಕೂಟರಿನ ಕಂತಿಲ್ಲ.

ಅಮೆರಿಕದವರೂ ರಜೆಗೆ ಹೊರಟರೆ ಮಲಗುವ ಕೋಣೆ, ಅಡುಗೆಮನೆಗಳುಳ್ಳ ಟ್ರೇಲರಿನ ಹಿಂದೆ ಇ-ಬೈಕ್ ಕಟ್ಟಿಕೊಳ್ಳುತ್ತಾರಂತೆ. ಅಲ್ಲಿ ಒಂದೊಂದು ಬೈಕು 25-30 ಕಿಲೋ. ಅಷ್ಟಕ್ಕೇ ಬ್ಯಾಟರಿ ಕಳಚಿ ಒಳಗಿಡು, ಸ್ಟ್ಯಾಂಡು ಎಷ್ಟು ತಡೆಯುತ್ತದೆ ನೋಡು ಎಂಬ ನೂರೆಂಟು ಶಾಸ್ತ್ರ. ಗಾಲಿಯ ಹಿಂಬದಿ ಭಾರ ಹೆಚ್ಚಾದರೆ ಮುಂದಿನ ಕೊಂಡಿ ಹಗುರಾಗಿ ಟ್ರೇಲರ್ ತೂರಾಡುತ್ತದೆ ಎಂಬ ಹೆದರಿಕೆ. ನಮ್ಮ ಸ್ಕೂಟರ್ ನೂರು ಕಿಲೋ ದಾಟಿದ್ದು. ಆದರೆ ನಮ್ಮ ಟ್ರಾಲಿ ಮೊದಲೇ ತೂರಾಡುತ್ತಿರುವುದರಿಂದ ಈ ವಿಜ್ಞಾನ ನಮಗೆ ತಟ್ಟುವುದಿಲ್ಲ. ಟ್ರಾಲಿಗೆ ಹಿಂದೆ ಕೆಂಪು ದೀಪವೂ ಇಲ್ಲ. ಸ್ಕೂಟರಿನ ಇಂಡಿಕೇಟರಾದರೂ ಮಿಣುಕಿದರೆ ಹಿಂದೆ ಬರುವವನ ಪುಣ್ಯ.

ದೇಶದ ಇಂಧನ ನೀತಿ ತಿಳಿಯಲು ದಿಲ್ಲಿಗೆ ಹೋಗಬೇಕಿಲ್ಲ, ಈ ಟ್ರಾಲಿ ನೋಡಿದರೆ ಸಾಕು. ಎಳೆಯುವುದು ಡೀಸೆಲ್. ಹೇರಿರುವ ಕಬ್ಬು ಕಾರ್ಖಾನಿ ಸೇರಿ, ಎಥೆನಾಲ್ ಆಗಿ ಪೆಟ್ರೋಲಿಗೆ ಬೆರೆಯುವ ಉಮೇದಿನಲ್ಲಿದೆ. ಶೇಕಡಾ 20ರ ಬೆರಕೆಯ ಗುರಿಯನ್ನು ಸರ್ಕಾರ 2030ರಿಂದ 2025ಕ್ಕೆ ಎಳೆದು ತಂದದ್ದು ಅದಕ್ಕೇ. ಹಿಂದೆ ಜೋತಾಡುತ್ತಿರುವುದು ಪೆಟ್ರೋಲೇ ಬೇಡ ಎನ್ನುವ ಗಾಡಿ. ಪೆಟ್ರೋಲಿಗಾಗಿ ಕಬ್ಬು ಬೆಳೆ ಎನ್ನುವವರೂ ಅವರೇ, ಪೆಟ್ರೋಲ್ ಬಿಡು ಎನ್ನುವವರೂ ಅವರೇ. ಅದೇ ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಕೊಡಿ ಎಂದು 2025ರ ನವೆಂಬರಿನಲ್ಲಿ ರೈತರು ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕೂತಾಗ ಮಾತ್ರ ಈ ಇಂಧನ ಕ್ರಾಂತಿಯ ಚಾರ್ಜು ಇಳಿದುಹೋಗಿತ್ತು.

ಇನ್ನು ಲೆಕ್ಕದ ಮಾತು. 2024ರ ಅಕ್ಟೋಬರ್ 1ರಂದು ಬಂದ ಪಿಎಂ ಇ-ಡ್ರೈವ್ ಯೋಜನೆ ಬ್ಯಾಟರಿ ದ್ವಿಚಕ್ರಕ್ಕೆ ಮೊದಲ ವರ್ಷ ಹೆಚ್ಚೆಂದರೆ 10,000 ರೂಪಾಯಿ ಸಬ್ಸಿಡಿ ಇಟ್ಟಿತು, ಮರುವರ್ಷ 5,000ಕ್ಕೆ ಇಳಿಸಿತು. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ ಮಿತಿ ಮೀರಿ ಗಾಡಿಯಿಂದ ಹಿಂದಕ್ಕೆ ಚಾಚಿದ ಹೇರಿಗೆ ದಂಡ 20,000. ಕೊಳ್ಳುವುದಕ್ಕೆ ಐದು, ಹೊತ್ತೊಯ್ಯುವುದಕ್ಕೆ ಇಪ್ಪತ್ತು! ಹಂಗಾಮಿನಲ್ಲಿ ಕಾಯ್ದೆಗೂ ರಜೆ ಇರುವುದರಿಂದ ಸದ್ಯ ಯಾರ ಕಿಸೆಗೂ ತೂತು ಬಿದ್ದಿಲ್ಲ. ಮುಂದಿನ ಬಜೆಟ್ಟಿನಲ್ಲಿ ದಂಡಕ್ಕೂ ಒಂದು ಸಬ್ಸಿಡಿ ಇಟ್ಟರೆ ಯೋಜನೆ ಸಂಪೂರ್ಣ. ಅರ್ಜಿ ಮಾತ್ರ ಆನ್‌ಲೈನಿನಲ್ಲಿ ಕರೆಯಬೇಡಿ ಸ್ವಾಮಿ. ಮೊಬೈಲಿಗೂ ಚಾರ್ಜ್ ಬೇಕಾಗುತ್ತದೆ.