ಡೈನೋ ಪ್ರಮಾಣ ಮೀಮಾಂಸೆ

ಪ್ರಮಾಣ ಎಂಬ ಪದಕ್ಕೆ ಕನ್ನಡದಲ್ಲಿ ಮೂರು ಅರ್ಥ: ಅಳತೆ, ಆಧಾರ, ಆಣೆ. ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರವನ್ನು ಉಕ್ಕಿನ ಉರುಳೆಯ ಮೇಲೇರಿಸಿ, ಬೆಲ್ಟು ಬಿಗಿದು, ಆಕ್ಸಿಲರೇಟರ್ ಪೂರಾ ತಿರುಚಿ, ಗಾಡಿಯ ಬಲ ಇಷ್ಟೆಂದು ಬರೆಸಿಕೊಳ್ಳುವ ಡೈನೋ ಚೀಟಿ ಈ ಮೂರರಲ್ಲಿ ಯಾವುದು ಎಂಬುದೇ ಪ್ರಸ್ತುತ ಜಿಜ್ಞಾಸೆ. ಗ್ಯಾರೇಜಿನವನು ಅಳತೆ ಎನ್ನುತ್ತಾನೆ. ಗಾಡಿಯವನು ಆಧಾರ ಎನ್ನುತ್ತಾನೆ. ಗೆಳೆಯರ ಮುಂದೆ ಅದನ್ನು ಹಿಡಿದು ನಿಂತಾಗ ಮಾತ್ರ ಧರ್ಮಸ್ಥಳಕ್ಕೆ ಬಂದವನ ಹಾಗೆ ಕಾಣುತ್ತಾನೆ.

ಮೊದಲು ಪ್ರಾಚೀನರ ಮತ. ಹಬೆಯಂತ್ರ ಮಾರಬೇಕಾಗಿದ್ದ ಜೇಮ್ಸ್ ವ್ಯಾಟ್ ಗಾಣದ ಕುದುರೆಯ ಲೆಕ್ಕ ಹಾಕಿದ: 12 ಅಡಿ ತ್ರಿಜ್ಯದ ವೃತ್ತ, ಗಂಟೆಗೆ 144 ಸುತ್ತು, ಎಳೆತ 180 ಪೌಂಡು. ಗುಣಿಸಿದರೆ ನಿಮಿಷಕ್ಕೆ 32,572 ಅಡಿ-ಪೌಂಡು. ವ್ಯಾಟ್ 33,000 ಎಂದು ಬರೆದುಕೊಂಡ. ಅಶ್ವಶಕ್ತಿ ಹುಟ್ಟುವಾಗಲೇ ಒಂದಿಷ್ಟು ಮೇಲಕ್ಕೆ ಸರಿದಿತ್ತು ಎಂಬುದನ್ನು ವಿದ್ವಾಂಸರು ಗಮನಿಸಬೇಕು. ಬಳಿಕ 1821ರಲ್ಲಿ ಫ್ರಾನ್ಸಿನ ಗಾಸ್ಪಾರ್ ದ ಪ್ರೋನಿ ತಿರುಗುವ ದಂಡಕ್ಕೆ ಬ್ರೇಕು ಅಮುಕಿ ಬಲವನ್ನು ಅಳೆದ. ದುಡಿಮೆಯೆಲ್ಲ ಬರೀ ಬಿಸಿಯಾಗಿ ಹೋಗುವುದನ್ನು ಅಳೆಯುವ ಈ ಉಪಾಯ ವಿಶ್ವವಿದ್ಯಾಲಯಗಳ ಸೆನೆಟ್ ಸಭೆಗೂ ಒಗ್ಗೀತು.

ನವೀನರ ಡೈನೋ ಬಹುಮಟ್ಟಿಗೆ ಜಡತ್ವದ್ದು. ಭಾರೀ ಉರುಳೆ ಎಷ್ಟು ಬೇಗ ವೇಗ ಹಿಡಿಯಿತು ಎಂಬುದಷ್ಟೇ ಅದಕ್ಕೆ ಗೊತ್ತು, ಮಿಕ್ಕಿದ್ದು ಗಣಿತ. ಟೈರಿನಲ್ಲಿ ಗಾಳಿ ಇಳಿದಿದ್ದರೆ, ಬೆಲ್ಟು ಅತಿಯಾಗಿ ಬಿಗಿದಿದ್ದರೆ, ಎಂಜಿನ್ ಕಾದಿರದಿದ್ದರೆ, ಗೇರು ಬೇರೆಯಾದರೆ ಅಂಕಿಯೂ ಬೇರೆ. ಯಮಹಾ ಆರ್‌ಎಕ್ಸ್ 100ಕ್ಕೆ ಕಂಪನಿ ಹೇಳಿದ 11 ಅಶ್ವಶಕ್ತಿ ಕ್ರ್ಯಾಂಕಿನದು. ಗೇರು, ಚೈನು, ಟೈರು ತಮ್ಮ ಪಾಲು ತಿಂದ ಮೇಲೆ ಉಳಿದದ್ದೇ ಚಕ್ರದ್ದು.

ಪ್ರಕರಣ ಗಹನವಾಗುವುದು ಹವೆಯಿಂದ. ಬೆಂಗಳೂರು ಸಮುದ್ರದಿಂದ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ತೆಳು, ಬಲ ಕಡಿಮೆ. ಈ ಅನ್ಯಾಯ ಸರಿಪಡಿಸಲು ಡೈನೋ ಅಂಕಿಯನ್ನು ಒಂದು ಸೂತ್ರದಿಂದ ಗುಣಿಸುತ್ತದೆ. ಅದರಲ್ಲೂ ಎರಡು ಶಾಖೆ. ಎಸ್‌ಎಇ ಶಾಖೆಯವರು 25 ಡಿಗ್ರಿ, 990 ಮಿಲಿಬಾರಿನ ಒಣಗಾಳಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಹಳೆಯ ಎಸ್‌ಟಿಡಿ ಶಾಖೆಯವರು ಹದಿನೈದೂವರೆ ಡಿಗ್ರಿ, 1013 ಮಿಲಿಬಾರು. ಗಾಡಿ ಅದೇ, ಓಟ ಅದೇ, ಶಾಖೆ ಬದಲಿಸಿದರೆ ನಾಲ್ಕು ಪರ್ಸೆಂಟ್ ಹತ್ತಿರ ಏರಿಕೆ. ತುಟ್ಟಿಭತ್ಯೆಯೂ ಇಷ್ಟು ಸಲೀಸಾಗಿ ಸಿಕ್ಕಿದ್ದಿಲ್ಲ. ಹೀಗೆ ಬಂದ ಬಲ ಮೆಜೆಸ್ಟಿಕ್ಕಿಗೆ ಸಮುದ್ರ ಬಂದ ಮೇಲೆ ಸವಾರನ ಕೈಸೇರತಕ್ಕದ್ದು. ರೇಖೆಯ ಸುಕ್ಕು ತೆಗೆಯಲು ಸ್ಮೂದಿಂಗ್ ಎಂಬ ಇಸ್ತ್ರಿಪೆಟ್ಟಿಗೆ ಬೇರೆ ಇದೆ. ಇಸ್ತ್ರಿ ಮಾಡಲಾಗದ್ದು ಒಂದೇ: ಟಾರ್ಕನ್ನು ಅಡಿ-ಪೌಂಡಿನಲ್ಲಿಟ್ಟು ಒಂದೇ ಮಾಪಕದಲ್ಲಿ ಬಿಡಿಸಿದರೆ, ಅದೂ ಅಶ್ವಶಕ್ತಿಯೂ 5,252 ಆರ್‌ಪಿಎಂನಲ್ಲೇ ಸಂಧಿಸಬೇಕು. ಮುಹೂರ್ತ ತಪ್ಪಿದ್ದರೆ ಲಗ್ನಪತ್ರಿಕೆಯೇ ಖೋಟಾ.

ನೈಯಾಯಿಕರಿಗೆ ನಾಲ್ಕು ಪ್ರಮಾಣಗಳು. ಉಪಮಾನ ನಮಗೆ ಬೇಡ, ಪಕ್ಕದ ಮನೆಯವನ ಗಾಡಿ ಯಾವಾಗಲೂ ಜೋರು. ಅವರ ‘ಅನುಮಾನ’ ತರ್ಕ, ಕನ್ನಡದ ಅನುಮಾನ ಸಂಶಯ. ಡೈನೋ ಚೀಟಿಯ ಮಟ್ಟಿಗೆ ಎರಡೂ ಒಂದೇ. ಅವರ ‘ಶಬ್ದ’ ಆಪ್ತರ ಮಾತು, ನಮ್ಮಲ್ಲಿ ಸೈಲೆನ್ಸರ್. ಒಳಗಿನ ಬ್ಯಾಫಲ್ ಕಿತ್ತ ಆರ್‌ಎಕ್ಸ್‌ಗೆ ಬಲ ಹೆಚ್ಚಿದೆ ಎಂದು ಇಡೀ ಬೀದಿ ಸಾಕ್ಷಿ ನುಡಿಯುತ್ತದೆ.

ಸಿದ್ಧಾಂತ ಏನೆಂದರೆ, ಅದೇ ಡೈನೋ, ಅದೇ ದಿನ, ಅದೇ ಗೇರಿನಲ್ಲಿ, ರಿಪೇರಿಗೆ ಮೊದಲೊಮ್ಮೆ ಆಮೇಲೊಮ್ಮೆ ಓಡಿಸಿದರೆ ಸಿಗುವ ವ್ಯತ್ಯಾಸವನ್ನು ನಂಬಬಹುದು, ಅಂಕಿಯನ್ನಲ್ಲ. ಆದರೆ ವ್ಯತ್ಯಾಸಕ್ಕೆ ಲ್ಯಾಮಿನೇಶನ್ ಮಾಡಿಸಲು ಬರುವುದಿಲ್ಲ.

ಇದನ್ನೆಲ್ಲ ಬಲ್ಲ ಪ್ರಬಂಧಕರ್ತೃವಾದ ನಾನು ಒಂದು ಶನಿವಾರ ನನ್ನ ಆರ್‌ಎಕ್ಸನ್ನು ಎರಡು ಗ್ಯಾರೇಜುಗಳಿಗೆ ಒಯ್ದೆ. ಒಂದರಲ್ಲಿ 8.9, ಇನ್ನೊಂದರಲ್ಲಿ 9.8. ಮೊದಲನೆಯದು ಪ್ರಕ್ಷಿಪ್ತವೆಂದು ಕೈಬಿಟ್ಟೆ. ಎರಡನೆಯ ಗ್ಯಾರೇಜಿನವರು ಕಾರ್ಬುರೇಟರಿನ ಮೈನ್ ಜೆಟ್ ಸಣ್ಣದು ಮಾಡಿ ಮತ್ತೆ ಓಡಿಸಿದರು: 10.3! ಆ ಓಟ ಮುಗಿಯಲು ಏಳೆಂಟು ಸೆಕೆಂಡು ಸಾಕು. ಅಷ್ಟರಲ್ಲಿ ಪಿಸ್ಟನ್‌ಗೆ ಸೆಕೆ ಹತ್ತುವುದಿಲ್ಲ ಎಂಬ ವಿಚಾರ ಯಾವ ರೇಖೆಯಲ್ಲೂ ಇರಲಿಲ್ಲ.

ಚೀಟಿಗೆ ಲ್ಯಾಮಿನೇಶನ್ ಮಾಡಿಸಿ, ಅಂಗಿಯೊಳಗಿಟ್ಟುಕೊಂಡು ಮಂಗಳೂರಿಗೆ ಹೊರಟೆ. ಶಿರಾಡಿ ಘಾಟಿ ಇಳಿದಂತೆ ಗಾಳಿ ದಟ್ಟವಾಯಿತು. ಪೆಟ್ರೋಲು ಬೆಂಗಳೂರಿನ ಲೆಕ್ಕದಲ್ಲೇ, ಅದೂ ಕಡಿತವಾಗಿ, ಬರುತ್ತಿತ್ತು. ಉಪ್ಪಿನಂಗಡಿಯಿಂದಾಚೆ ಗಾಡಿ ಹಿಂದೆಂದೂ ಓಡದ ಹಾಗೆ ಓಡಿತು. ಮಾಣಿ ದಾಟಿದ ಮೇಲೆ ಕೀರಲು ಸದ್ದೊಂದು ಬಂದು ಹಿಂದಿನ ಚಕ್ರ ಕಚ್ಚಿಕೊಂಡಿತು. ಸೀಜ್. ಕಲ್ಲಡ್ಕದವರೆಗೆ ತಳ್ಳಿದೆ, ಅಲ್ಲಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯಬೇಕೆಂದು ಹೇಗೂ ಇತ್ತು.

ಅಲ್ಲಿಯ ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದ. ಪ್ರತ್ಯಕ್ಷ ಪ್ರಮಾಣ.

“ಎಂತ ಮಾರಾಯ್ರೆ, ಸುಣ್ಣ ಬಳಿದ ಹಾಗೆ ಬಿಳಿ ಉಂಟಲ್ಲ! ಜೆಟ್ ಯಾರು ಸಣ್ಣ ಮಾಡಿದ್ದು?”

ಉತ್ತರವಾಗಿ ಚೀಟಿ ಕೊಟ್ಟೆ. ಅವನು ಎರಡೂ ಬದಿ ತಿರುಗಿಸಿ ನೋಡಿ ನೆಲದ ಮೇಲೆ ಹಾಸಿದ. ಪಿಸ್ಟನ್ ಪಿನ್ನು, ಸರ್ಕ್ಲಿಪ್ಪು, ತುಂಡಾದ ರಿಂಗು, ಒಂದೊಂದಾಗಿ ಅದರ ಮೇಲೆ ಜೋಡಿಸಿಟ್ಟ.

“ಇದು ಒಳ್ಳೆದುಂಟು,” ಎಂದ. “ಗ್ರೀಸ್ ಒರೆಸಿದ್ರೆ ಹೋಗ್ತದೆ.”