ಜನರಲ್ ಮ್ಯಾಥ್ಯೂಸ್ ಸಾಹೇಬರಿಗೆ, ಮಿರ್ಜಾನದಿಂದ

ಮಾನ್ಯ ರಿಚರ್ಡ್ ಮ್ಯಾಥ್ಯೂಸ್ ಸಾಹೇಬರೇ,

ಮಳೆಗಾಲ ಬಂತೆಂದರೆ ಮಿರ್ಜಾನ ಕೋಟೆಗೆ ಜನವೋ ಜನ. ಚಿರೆಕಲ್ಲಿನ ಗೋಡೆಗೆ ಪಾಚಿ ಹಿಡಿದು ಹಸಿರೇರಿದ್ದೇ ತಡ, ಮದುವೆ ಗೊತ್ತಾದ ಜೋಡಿಗಳು ಫೋಟೊ ತೆಗೆಸಿಕೊಳ್ಳಲು ಹೆದ್ದಾರಿ ಬಿಟ್ಟು ಇತ್ತ ತಿರುಗುತ್ತವೆ. ಅವರಿಗೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಗೊತ್ತು, ಆಕೆಯ ಕಾಳುಮೆಣಸೂ ಗೊತ್ತು. ನಿಮ್ಮ ಹೆಸರೆತ್ತಿದರೆ ಮಾತ್ರ "ಶ್ರೀಲಂಕಾ ಕ್ರಿಕೆಟ್ ಟೀಮಿನವರಾ?" ಎನ್ನುತ್ತಾರೆ. ಅನ್ಯಾಯ, ಸ್ವಾಮಿ. 1783ರಲ್ಲಿ ಕಂಪನಿಯ ಸೈನ್ಯ ತಂದು ಈ ಕೋಟೆ ಹಿಡಿದವರಲ್ಲವೇ ನೀವು!

ಹಿಡಿದಿರಿ ಎನ್ನುವುದಕ್ಕಿಂತ ದಾಟಿಹೋದಿರಿ ಎನ್ನಬೇಕು. ಹೈದರಾಲಿ ಸತ್ತ ಸುದ್ದಿ ಮುಂಬಯಿಗೆ ಮುಟ್ಟಿತ್ತು. ನದಿಬಾಯಿಯ ಕೋಟೆ, ಮಿರ್ಜಾನ, ಹೊನ್ನಾವರ ಎಲ್ಲ ಅಲ್ಲಿನ ಕಂಪನಿ ಸರ್ಕಾರದ ಕಣ್ಣಿಗೆ ಮೆಟ್ಟಿಲು. ಘಟ್ಟ ಹತ್ತಿ ಬಿದನೂರು ಹಿಡಿಯಿರಿ ಎಂದು ಹುಕುಂ. ಇದು ಸರಿಯಲ್ಲ ಎಂದು ನೀವು ತಕರಾರು ಬರೆದಿರಿ, ಬರೆದು, ಹೊರಟೂಬಿಟ್ಟಿರಿ. ನೌಕರಿ ಮಾಡಿದವರಿಗೆಲ್ಲ ಗೊತ್ತಿರುವ ಶೌರ್ಯ ಇದು.

ಹೊಸಂಗಡಿ ಘಟ್ಟದಲ್ಲಿ ಹೆಜ್ಜೆಹೆಜ್ಜೆಗೆ ತಡೆ, ಫಿರಂಗಿ. ಅದನ್ನೂ ಗೆದ್ದಿರಿ. ಮೇಲೆ ಹೋದರೆ ಯುದ್ಧವೇ ಇಲ್ಲ! ಟಿಪ್ಪುವಿಗೆ ಹೆದರಿದ್ದ ಬಿದನೂರಿನ ಅಧಿಕಾರಿ ಶೇಖ್ ಅಯಾಜ್ ಜನವರಿ ಮುಗಿಯುವುದರೊಳಗೆ ಊರನ್ನೂ ಖಜಾನೆಯನ್ನೂ ಒಪ್ಪಿಸಿದ್ದ.

ನಿಜವಾದ ಕಾಳಗ ಶುರುವಾದದ್ದು ಆಮೇಲೆ, ನಿಮ್ಮ ನಿಮ್ಮೊಳಗೆ. ಖಜಾನೆಯ ಹಣ ಅಯಾಜನ ಸ್ವಂತದ್ದು ಎಂದಿರಿ ನೀವು. ನಮ್ಮ ಪಾಲೆಲ್ಲಿ ಎಂದರು ಅಧಿಕಾರಿಗಳು. ಮ್ಯಾಕ್‌ಲಿಯೋಡ್, ಹಂಬರ್‌ಸ್ಟನ್, ಷಾ ಎಂಬ ಮೂವರು ಅಧಿಕಾರಿಗಳು ಸೈನ್ಯವನ್ನು ಘಟ್ಟದ ಮೇಲೆ ಬಿಟ್ಟು ಮುಂಬಯಿಗೆ ದೂರು ಒಯ್ದರು. ಮುಂಬಯಿ ಸರ್ಕಾರ ನಿಮ್ಮನ್ನು ಕಿತ್ತು ಮ್ಯಾಕ್‌ಲಿಯೋಡ್‌ರಿಗೆ ಪಟ್ಟ ಕಟ್ಟಿತು. ಆನಂದಪುರದ ಕೋಟೆಯಲ್ಲಿ ನಿಮ್ಮ ಸೈನ್ಯ ನಡೆಸಿದ ಕೊಲೆಗಳ ಬಗ್ಗೆ ನಿಮ್ಮವನೇ ಒಬ್ಬ ಬರೆದ, ಉಳಿದವರು ಸುಳ್ಳೆಂದರು. ಅದಕ್ಕಾಗಿ ಮಾತ್ರ ಯಾರೂ ಹಡಗು ಹತ್ತಿ ದೂರು ಕೊಡಲು ಹೋಗಲಿಲ್ಲ. ಪಾಲು ಕೇಳಲು ಹೋದವರ ಹಡಗಿಗೆ ಹಿಂದಿರುಗುವ ದಾರಿಯಲ್ಲಿ ಮರಾಠರ ನೌಕೆಗಳು ಎದುರಾದವು. ಷಾ ಸತ್ತರು, ಗಾಯಗೊಂಡ ಹಂಬರ್‌ಸ್ಟನ್ ಕೂಡ ಉಳಿಯಲಿಲ್ಲ, ಹೊಸ ಸೇನಾಪತಿ ಮ್ಯಾಕ್‌ಲಿಯೋಡ್ ಸೆರೆಯಾದರು.

ಅಷ್ಟರಲ್ಲಿ ಟಿಪ್ಪು ಬಂದಾಗಿತ್ತು. ನೀವು ಹತ್ತಿಬಂದ ದಾರಿಯನ್ನೇ ಮುಚ್ಚಿ ಮುತ್ತಿಗೆ ಹಾಕಿದ. ಏಪ್ರಿಲ್ ಕೊನೆಗೆ, ಸರ್ಕಾರಿ ಖಜಾನೆ ಬಿಟ್ಟುಕೊಡುವ ಕರಾರಿನ ಮೇಲೆ ಶರಣಾದಿರಿ. ಟಿಪ್ಪುವಿನವರು ಬಾಗಿಲು ತೆರೆದು ನೋಡಿದರೆ ಖಜಾನೆ ಖಾಲಿ. ಕೈದಿಗಳ ಮೈತಡವಿದರೆ ಅಲ್ಲಿ ವರಹಗಳು! ಕರಾರು ಮುರಿದಿರೆಂದು ಬೇಡಿ ಬಿತ್ತು. ಅದೇ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡಿರಿ. ವಿಷ ಹಾಕಿ ಕೊಂದರೆಂದು ನಿಮ್ಮವರು ಬರೆದುಕೊಂಡರು.

1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಕಂಪನಿಗೂ ಟಿಪ್ಪುವಿಗೂ ಒಪ್ಪಂದವಾಗಿ, ಹಿಡಿದದ್ದನ್ನೆಲ್ಲ ಅವರವರಿಗೆ ಹಿಂದಿರುಗಿಸಿದರು.

ಈಗ ಸಣ್ಣದೊಂದು ವಿನಂತಿ. ನಿಮ್ಮ ಖಜಾನೆಯ ಜಗಳ ಪುಟಗಟ್ಟಲೆ ದಾಖಲಾಗಿದೆ. ಅದು ನಮಗೆ ಬೇಡ. ಆದರೆ ಬಿದನೂರಿನಲ್ಲಿ ನಿಮ್ಮೊಡನೆ ಕೈದಾದವರಲ್ಲಿ ಬಿಳಿಯರಿಗಿಂತ ಸಿಪಾಯಿಗಳೇ ಹೆಚ್ಚಿದ್ದರಲ್ಲ, ಅವರ ಹಾಜರಿ ಪುಸ್ತಕ ಎಲ್ಲಾದರೂ ಇದ್ದರೆ ಕಳಿಸಿ. ನಿಮ್ಮ ಹೆಸರಿನ ಫಲಕವೊಂದನ್ನು ಕೋಟೆ ಬಾಗಿಲಲ್ಲಿ ಹಾಕಿಸುವ ಮನಸ್ಸೇನೋ ಇದೆ. ಆದರೆ ನಿಮ್ಮದೊಂದೇ ಹೆಸರು ಬರೆಸಿದರೆ ಪೇಂಟರ್‌ಗೆ ಕೊಟ್ಟ ದುಡ್ಡು ದಂಡ.

ಇಂತಿ,
ಅಘನಾಶಿನಿ ದಂಡೆಯವನೊಬ್ಬ