ಸಾರಾಂಶ ಮೀಮಾಂಸೆ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪರಿಸರವನ್ನು ಅನುಲಕ್ಷಿಸಿ

ಪ್ರಸ್ತುತ ಪ್ರಬಂಧವು ‘ಸಾರಾಂಶ’ವೆಂಬ ಜ್ಞಾನಶಿಸ್ತೀಯ ಪರಿಕಲ್ಪನೆಯನ್ನು ಬೋಧನಾಶಾಸ್ತ್ರೀಯ, ಸಂರಚನಾತ್ಮಕ ಹಾಗೂ ಪ್ರಾದೇಶಿಕ ನೆಲೆಗಳಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಪ್ರಯತ್ನ. ಸಾರಾಂಶವು ಪಂಚವಿಧ. ಒಂದು, ಫಲಕಸಾರಾಂಶ: ಮೇಷ್ಟ್ರು ಕರಿಹಲಗೆಯ ಮೇಲೆ ಬರೆದದ್ದು ಅಲ್ಪವಿರಾಮ ಸಮೇತ ಮಕ್ಕಳ ನೋಟ್‌ಬುಕ್ಕಿಗೆ ಇಳಿಯುವುದು. ಎರಡು, ಗೈಡ್‌ಜನ್ಯ ಸಾರಾಂಶ: ಇದು ದುಡ್ಡು ಕೊಟ್ಟ ಕ್ಷಣವೇ ಸಿದ್ಧಿಸುವುದರಿಂದ ಪಾಠ ಓದುವ ಪ್ರಮೇಯ ಬರದು. ಮೂರು, ಮೌಲ್ಯಗರ್ಭ ಸಾರಾಂಶ: ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಪದ್ಯವೊಂದನ್ನು ಕೊಟ್ಟು ಅದರಲ್ಲಿ ಅಡಕವಾಗಿರುವ ಮೌಲ್ಯವನ್ನಾಧರಿಸಿ ಸಾರಾಂಶ ಬರೆಯಲು ಹೇಳುತ್ತದೆ. ಇಲ್ಲಿ ಕವಿಯು ಮಾಲು ಬಚ್ಚಿಟ್ಟ ಆರೋಪಿ, ವಿದ್ಯಾರ್ಥಿಯು ಪಂಚನಾಮೆ ಬರೆಯುವ ಪೇದೆ. ಅದೇ ಪತ್ರಿಕೆ ಗಾದೆಯನ್ನು ಮಾತ್ರ ವಿಸ್ತರಿಸಿ ಎನ್ನುತ್ತದೆ. ಕುಗ್ಗಿಸುವಾಗ ಯಾವುದನ್ನು ಬಿಡಬೇಕು, ಹಿಗ್ಗಿಸುವಾಗ ಯಾವುದನ್ನು ಸೇರಿಸಬೇಕು ಎಂಬುದನ್ನು ಹೇಳಿಕೊಡುವ ಪೀರಿಯಡ್ಡು ವೇಳಾಪಟ್ಟಿಯಲ್ಲಿಲ್ಲ. ಉಳಿದೆರಡು ಭೇದಗಳನ್ನು ಓದುಗರು ಗೈಡಿನಲ್ಲೇ ನೋಡಿಕೊಳ್ಳಬಹುದು.

ಇನ್ನು ಆಕರ ಪರಿಶೀಲನೆ. ಹಂಪಿಯ ಹಜಾರರಾಮ ದೇವಾಲಯದ ಗೋಡೆಗಳ ಮೇಲೆ ರಾಮಾಯಣ ಸಾಲುಸಾಲು ಉಬ್ಬುಶಿಲ್ಪವಾಗಿ ನಿಂತಿದೆ. ಸಿಕ್ಕ ಅಂಗೈಯಗಲದ ಕಲ್ಲಿನಲ್ಲಿ ಶಿಲ್ಪಿ ಮಾತುಗಳನ್ನೆಲ್ಲ ಕೈಬಿಟ್ಟ. ಏಳು ಮರಗಳಿಗೆ ಗುರಿಯಿಟ್ಟ ರಾಮನ ಬಿಲ್ಲನ್ನು ಮಾತ್ರ ಉಳಿಸಿಕೊಂಡ. ಸುಗ್ರೀವನ ಅನುಮಾನ ಅಷ್ಟರಲ್ಲೇ ತೀರುತ್ತದೆ. ಬಿಡುವುದನ್ನು ಬಲ್ಲವನು ಇಡೀ ಕಥೆಯನ್ನು ಬಲ್ಲವನೇ ಆಗಿರಬೇಕು. ನಮ್ಮ ತರಗತಿಗಳಲ್ಲಿ ಇದು ತಿರುಗುಮುರುಗು: ಸಾರಾಂಶ ಮೊದಲು ಬರುತ್ತದೆ, ಪಾಠ ಪರೀಕ್ಷೆ ಮುಗಿದರೂ ಬರುವುದಿಲ್ಲ.

ಕಂಪ್ಲಿಯ ಕಬ್ಬಿನ ಗದ್ದೆಗಳಿಂದ ಶಾಲೆಗೆ ಬರುವ, ಮನೆಯಲ್ಲಿ ಅಕ್ಷರ ಕಲಿಯುತ್ತಿರುವ ಮೊದಲ ತಲೆಮಾರಿನ ಮಕ್ಕಳಿಗೆ ಸ್ವಂತ ವಾಕ್ಯ ಎಲ್ಲಿಂದ ಬರಬೇಕು, ಬರೆಸಿಬಿಟ್ಟರೆ ಪಾಸಾದರೂ ಆಗುತ್ತವೆ ಎಂಬ ಆಕ್ಷೇಪವಿದೆ. ಈ ಕರುಣೆಯೇ ಎಲ್ಲಕ್ಕಿಂತ ದೊಡ್ಡ ಅವಮಾನ. ರಾತ್ರಿಯಿಡೀ ನಡೆದ ಬಯಲಾಟವನ್ನು ಬೆಳಿಗ್ಗೆ ಚಹಾ ಆರುವುದರೊಳಗೆ ಅಜ್ಜಿಗೆ ಹೇಳಿ ಮುಗಿಸುವ ಮಗು ಅದು. ಸಾರಥಿಯ ಹಾಸ್ಯದಲ್ಲಿ ಯಾವುದನ್ನು ಉಳಿಸಬೇಕು, ಯಾವ ಪದವನ್ನು ಹಾರಿಸಬೇಕು ಎಂಬುದನ್ನು ಅದಕ್ಕೆ ಯಾರೂ ಡಿಕ್ಟೇಟ್ ಮಾಡಿಲ್ಲ. ಕಟ್ಟುಗಟ್ಟಲೆ ಉತ್ತರಪತ್ರಿಕೆ ತಿದ್ದುವವರಿಗೆ ಒಂದೇ ಮಾದರಿ ಉತ್ತರ ಬೇಕಲ್ಲವೇ ಎಂಬ ಇನ್ನೊಂದು ಆಕ್ಷೇಪ ನ್ಯಾಯವಾದದ್ದೇ. ಆದರೆ ಮುಖ್ಯ ಸಂಗತಿ ಉಳಿದಿದೆಯೇ, ಕಾರಣ ಬಿಟ್ಟುಹೋಗಿದೆಯೇ ಎಂದು ನೋಡಿ ಅಂಕ ಕೊಡಲು ಒಂದೇ ವಾಕ್ಯ ನೂರು ಪತ್ರಿಕೆಗಳಲ್ಲಿ ಇರಬೇಕಿಲ್ಲ.

ಸಾರಾಂಶ ಬರದವನು ಇನ್ನೊಬ್ಬರು ಮಾಡಿಕೊಟ್ಟ ಸಾರಾಂಶವನ್ನು ನಂಬಬೇಕಾಗುತ್ತದೆ. ಶಾಸ್ತ್ರದ ಭಾಷೆ ಇಲ್ಲಿ ಸಾಕು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ 2011ರ ಜುಲೈನಲ್ಲಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಸಂಡೂರಿನ ಗುಡ್ಡಗಳಿಗೆ ಏನಾಯಿತು, ಅದಿರಿನ ದುಡ್ಡು ಎತ್ತ ಹೋಯಿತು ಎಂಬುದನ್ನು ಒಂದು ಪುಟಕ್ಕೆ ಇಳಿಸಲು ಅಲ್ಲಿನ ಮಗುವಿಗೆ ಬರಬೇಡವೇ? ಲಾರಿಗಳ ಕೆಂಪು ಧೂಳು ಅದರ ಯೂನಿಫಾರ್ಮಿನ ಮೇಲೇ ಕೂತದ್ದಲ್ಲವೇ? ನಾವು ಅದರ ಕೈಯಲ್ಲಿ ‘ಪರಿಸರ ಸಂರಕ್ಷಣೆ’ ಪ್ರಬಂಧವನ್ನು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಸಮೇತ ಬಾಯಿಪಾಠ ಮಾಡಿಸುತ್ತೇವೆ. ಅದರಲ್ಲಿ ಎಲ್ಲರೂ ಒಂದೊಂದು ಗಿಡ ನೆಡಬೇಕೆಂದಿರುತ್ತದೆ, ಗುಡ್ಡ ಕಡಿದವರು ಯಾರೆಂದು ಇರುವುದಿಲ್ಲ.